ಜ್ವಾಲಾಮುಖಿಗೆ ಬೇಕಾದದ್ದು ನೀರು

ಸಾಗರದ ಪ್ಲೇಟು ಇನ್ನೊಂದು ಪ್ಲೇಟಿನ ಅಡಿಗೆ ನುಗ್ಗುತ್ತದೆ. ಕೆಳಗೆ ಬಿಸಿ ಜಾಸ್ತಿ, ಅದಕ್ಕೇ ಕರಗುತ್ತದೆ. ಕರಗಿದ್ದು ಮೇಲೆ ಬಂದು ಜ್ವಾಲಾಮುಖಿ ಆಗುತ್ತದೆ. ಹತ್ತನೇ ಕ್ಲಾಸಿನ ಗೈಡಿನಿಂದ ಹಿಡಿದು ಗ್ರೂಪ್ ಒನ್, ಗ್ರೂಪ್ ಟೂ ಪರೀಕ್ಷೆಗಳ ನೋಟ್ಸಿನವರೆಗೆ ಎಲ್ಲಾ ಕಡೆ ಇದೇ ಮೂರು ಸಾಲು. (ಪ್ಲೇಟು ಅಂದರೆ ಭೂಮಿಯ ಹೊರಭಾಗದ ಗಟ್ಟಿ ಕಲ್ಲಿನ ದೊಡ್ಡ ಹಾಸು.) ಮೊದಲನೇ ಸಾಲಿನ ಬಗ್ಗೆ ನನ್ನ ತಕರಾರಿಲ್ಲ. ಎರಡನೆಯದರ ಬಗ್ಗೆ ಇದೆ. ಹೆಚ್ಚಿನ ಕಡೆ ಮುಳುಗುವ ಪ್ಲೇಟು ಕರಗುವುದೇ ಇಲ್ಲ, ಕರಗಿದರೂ ತೀರಾ ಸ್ವಲ್ಪ. ಕರಗುವುದು ಅದರ ಮೇಲೆ ಕೂತಿರುವ ಬೇರೆಯದೇ ಕಲ್ಲು. ಹಾಗಂತ ಪ್ಲೇಟಿಗೆ ಇದರಲ್ಲಿ ಪಾತ್ರವೇ ಇಲ್ಲ ಅಂತಲ್ಲ. ಅದಿಲ್ಲದೆ ಕೆಲಸ ನಡೆಯುವುದೇ ಇಲ್ಲ, ಆದರೆ ಅದು ಮಾಡುವ ಕೆಲಸ ನಾವು ಅಂದುಕೊಂಡದ್ದಲ್ಲ.

ನಾನಿರುವುದು ಆದವಾನಿಯಲ್ಲಿ. ಜಿಲ್ಲೆ ಕರ್ನೂಲು, ಒಂದು ಕಡೆ ಬಳ್ಳಾರಿ, ಇನ್ನೊಂದು ಕಡೆ ರಾಯಚೂರು, ಮನೆಯಲ್ಲಿ ಕನ್ನಡ, ಪೇಟೆಗೆ ಹೋದರೆ ತೆಲುಗು. ಕಾಲೇಜಿನಲ್ಲಿ ಭೂವಿಜ್ಞಾನ ಓದಿದ್ದೆ. ಈಗ ಹೊಟ್ಟೆಪಾಡಿಗೆ ಹತ್ತಿ ಅಂಗಡಿಯ ಲೆಕ್ಕ ಬರೆಯುತ್ತೇನೆ, ಸಂಜೆ ಹುಡುಗರಿಗೆ ಟ್ಯೂಷನ್ ಹೇಳುತ್ತೇನೆ. ಸುತ್ತ ಎಲ್ಲಿ ನೋಡಿದರೂ ಬಂಡೆಗುಡ್ಡ. ಒಂದು ಜ್ವಾಲಾಮುಖಿಯೂ ಇಲ್ಲ, ಮುಂದೆ ಹುಟ್ಟುವ ಲಕ್ಷಣವೂ ಇಲ್ಲ. ಆದರೂ ಈ ವಿಷಯ ನಮ್ಮ ಜಿಲ್ಲೆಗೆ ಅಷ್ಟೇನೂ ದೂರದ್ದಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಅಕ್ಕನ ಮಗ ಈ ವರ್ಷ ಟೆಂತ್. ಪ್ಲೇಟು ಕರಗುವುದಿಲ್ಲ ಅಂದ ಕೂಡಲೇ ವಾದಕ್ಕೆ ನಿಂತ. "ಮಾವಾ, ಕೆಳಗೆಲ್ಲಾ ಲಾವಾನೇ ಅಲ್ವಾ ಇರೋದು? ಅದ್ರೊಳಗೆ ಬಿದ್ದ ಮೇಲೆ ಕರಗದೇ ಏನ್ಮಾಡುತ್ತೆ?" ಇಡೀ ಗೊಂದಲದ ಬೇರು ಇಲ್ಲೇ ಇದೆ. ನಮ್ಮ ಕಾಲ ಕೆಳಗೆ ಲಾವಾದ ಸಮುದ್ರ ಇಲ್ಲ. ಹೊರಚಿಪ್ಪಿನ ಕೆಳಗೆ ಇರುವುದು ಮ್ಯಾಂಟಲ್, ಅದು ಗಟ್ಟಿ ಕಲ್ಲು. ಬಿಸಿ ಇದೆ, ಲಕ್ಷಾಂತರ ವರ್ಷಗಳ ಲೆಕ್ಕದಲ್ಲಿ ನೋಡಿದರೆ ನಿಧಾನಕ್ಕೆ ಹರಿಯುತ್ತದೆ ಕೂಡ, ಆದರೆ ಕಲ್ಲೇ. ಇದು ಸುಮ್ನೆ ಊಹೆಯಲ್ಲ. ಭೂಕಂಪದ ಅಲೆಗಳಲ್ಲಿ ಎಸ್ ಅಲೆ ಅಂತ ಒಂದು ಬಗೆ ಇದೆ, ಅದು ದ್ರವದೊಳಗೆ ಸಾಗುವುದಿಲ್ಲ. ಅದೇ ಅಲೆ ಮ್ಯಾಂಟಲಿನೊಳಗೆ ಸುಮಾರು 2900 ಕಿಲೋಮೀಟರ್ ಆಳದವರೆಗೆ ಆರಾಮಾಗಿ ಹೋಗುತ್ತದೆ, ಅಲ್ಲಿಂದ ಕೆಳಗೆ ಕರಗಿದ ಕಬ್ಬಿಣದ ಪದರ ಸಿಕ್ಕಾಗ ಮಾತ್ರ ನಿಂತುಬಿಡುತ್ತದೆ.

ಅಷ್ಟು ಬಿಸಿ ಇದ್ದೂ ಯಾಕೆ ಕರಗಿಲ್ಲ? ಒತ್ತಡ. ಮ್ಯಾಂಟಲಿನ ಕಲ್ಲಿಗೆ ಪೆರಿಡೊಟೈಟ್ ಅಂತ ಹೆಸರು. ನೆಲದ ಮೇಲೆ ಇಟ್ಟು ಕಾಯಿಸಿದರೆ ಅದು 1100-1200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗಲು ಶುರುಮಾಡುತ್ತದೆ. 100 ಕಿಲೋಮೀಟರ್ ಆಳದಲ್ಲಿ ನಮ್ಮ ಗಾಳಿಯ ಒತ್ತಡದ ಸುಮಾರು 30,000 ಪಟ್ಟು ಒತ್ತಡ ಇರುತ್ತದೆ, ಅಲ್ಲಿ ಅದೇ ಒಣ ಕಲ್ಲು ಕರಗಬೇಕಾದರೆ 1500 ಡಿಗ್ರಿಯ ಹತ್ತಿರ ಬೇಕು. ಅಲ್ಲಿರುವ ಬಿಸಿ ಸಾಮಾನ್ಯವಾಗಿ 1300-1400. ಅಂದರೆ ಸ್ವಲ್ಪದರಲ್ಲೇ ತಪ್ಪಿಹೋಗಿದೆ. ಮ್ಯಾಂಟಲ್ ಅನ್ನುವುದು ಕರಗುವುದಕ್ಕೆ ಯಾವಾಗಲೂ ಹತ್ತಿರವೇ ಇರುವ, ಆದರೆ ಕರಗದ ಕಲ್ಲು. ಏನಾದರೂ ಒಂದು ನೆಪ ಸಿಗಬೇಕು ಅಷ್ಟೇ.

ಒಂದು ನೆಪ, ಒತ್ತಡ ಇಳಿಯುವುದು. ಬಿಸಿ ಕಲ್ಲು ಆಳದಿಂದ ಮೇಲೇರುತ್ತಾ ಬಂದರೆ ಅದರ ಮೇಲಿನ ಭಾರ ಕಡಿಮೆಯಾಗುತ್ತದೆ, ಬಿಸಿ ಹೆಚ್ಚದಿದ್ದರೂ ಕರಗುತ್ತದೆ. ಸಾಗರದ ಮಧ್ಯದ ಬೆಟ್ಟಸಾಲುಗಳಲ್ಲಿ ಹೀಗೆ, ಹವಾಯಿಯಲ್ಲಿ ಹೀಗೆ, ನಮ್ಮ ಕಲಬುರಗಿ, ಬೀದರ್, ಸೊಲ್ಲಾಪುರದ ಕರಿಗಲ್ಲು 6.6 ಕೋಟಿ ವರ್ಷದ ಹಿಂದೆ ಹರಿದು ಬಂದದ್ದೂ ಹೀಗೆ. ಇದರಲ್ಲಿ ಮುಳುಗುವ ಪ್ಲೇಟಿನ ಕೈವಾಡ ಇಲ್ಲ, ಹಾಗಾಗಿ ದಖ್ಖನ್ನಿನ ಮಾತು ಇಲ್ಲಿಗೆ ಸಾಕು.

ಇನ್ನೊಂದು ನೆಪ ನೀರು. ಅದರ ಕಡೆ ಬರುವ ಮುಂಚೆ ಪ್ಲೇಟು ಎಷ್ಟು ತಣ್ಣಗಿರುತ್ತದೆ ಅಂತ ನೋಡಬೇಕು, ಯಾಕೆಂದರೆ ಜನ ಅದನ್ನೇ ಮರೆಯುವುದು.

ಜಪಾನಿನ ಈಶಾನ್ಯದಲ್ಲಿ ಮುಳುಗುತ್ತಿರುವ ಪೆಸಿಫಿಕ್ ಪ್ಲೇಟು ಹುಟ್ಟಿ ಸುಮಾರು 13 ಕೋಟಿ ವರ್ಷ ಆಗಿದೆ. ಅಷ್ಟೂ ಕಾಲ ಅದು ಸಮುದ್ರದ ತಳದಲ್ಲಿ, ಹೆಚ್ಚುಕಡಿಮೆ ಮಂಜುಗಡ್ಡೆಯಷ್ಟೇ ತಣ್ಣಗಿರುವ ನೀರಿನ ಕೆಳಗೆ ಆರುತ್ತಾ ಬಂದಿದೆ. ವರ್ಷಕ್ಕೆ 8-9 ಸೆಂಟಿಮೀಟರ್ ವೇಗದಲ್ಲಿ ಈಗ ಒಳಗೆ ಹೋಗುತ್ತಿದೆ. ಇದೇನು ವೇಗ ಅನ್ನಬೇಡಿ, ಕಲ್ಲಿನೊಳಗೆ ಶಾಖ ಹರಡುವುದು ಇದಕ್ಕಿಂತಲೂ ನಿಧಾನ. ಹತ್ತಾರು ಕಿಲೋಮೀಟರ್ ದಪ್ಪದ ಕಲ್ಲಿನ ಹಾಸು ಒಳಗಿನವರೆಗೆ ಬಿಸಿಯಾಗಲು ಕೋಟಿಗಟ್ಟಲೆ ವರ್ಷ ಬೇಕು, ಅದು 100 ಕಿಲೋಮೀಟರ್ ಆಳ ಮುಟ್ಟಲು ಮೂವತ್ತು ನಲವತ್ತು ಲಕ್ಷ ವರ್ಷ ಸಾಕು. ಹಾಗಾಗಿ ಸುತ್ತ 1300 ಡಿಗ್ರಿ ಇದ್ದರೂ ಪ್ಲೇಟಿನ ಹೊಟ್ಟೆ ತಣ್ಣಗೇ ಇರುತ್ತದೆ. ಮೇಲ್ಮೈ ಮಾತ್ರ 700-900 ಡಿಗ್ರಿಯ ಸುತ್ತ ಬಿಸಿಯಾಗುತ್ತದೆ.

ಇದಕ್ಕೆ ಸಾಕ್ಷಿ ಬೇಕಾ? 1994ರ ಜೂನ್ 9ರಂದು ಬೊಲಿವಿಯಾದ ಅಡಿ 8.2 ತೀವ್ರತೆಯ ಭೂಕಂಪ ಆಯಿತು. ಆಳ ಸುಮಾರು 630 ಕಿಲೋಮೀಟರ್. ದೂರದ ಕೆನಡಾದವರೆಗೆ ಜನರಿಗೆ ಗೊತ್ತಾಯಿತು. ಅಷ್ಟು ಆಳದಲ್ಲಿ ಕಲ್ಲು ಹೇಗೆ ಒಡೆಯುತ್ತದೆ ಅನ್ನುವುದರ ಬಗ್ಗೆ ತಜ್ಞರಲ್ಲಿ ಇನ್ನೂ ವಾದ ನಡೆಯುತ್ತಿದೆ, ಆದರೆ ಒಂದು ಮಾತಿನಲ್ಲಿ ಭಿನ್ನಾಭಿಪ್ರಾಯ ಇಲ್ಲ: ಸುತ್ತಲಿನದಕ್ಕಿಂತ ತಣ್ಣಗಿರುವ ಗಟ್ಟಿ ಪ್ಲೇಟು ಅಲ್ಲಿ ಇರದಿದ್ದರೆ ಆ ಭೂಕಂಪ ಆಗುತ್ತಲೇ ಇರಲಿಲ್ಲ. ಇಂಥ ಆಳದ ಕಂಪನಗಳು ಇವೆ ಅಂತ 1920ರ ದಶಕದಲ್ಲೇ ತೋರಿಸಿದವರು ಜಪಾನಿನ ಕಿಯೂ ವಾದಾತಿ. ಆಗಿನ್ನೂ ಪ್ಲೇಟುಗಳ ಸಿದ್ಧಾಂತವೇ ಹುಟ್ಟಿರಲಿಲ್ಲ. ಭೂಕಂಪಗಳನ್ನು ಚುಕ್ಕಿ ಇಟ್ಟು ನೋಡಿದರೆ ಅವು ಪ್ಲೇಟು ಒಳಗೆ ನುಗ್ಗುವ ಜಾಗದಲ್ಲಿರುವ ಆಳವಾದ ಸಮುದ್ರ ಕಂದಕದ ಹತ್ತಿರ ಮೇಲ್ಮಟ್ಟದಲ್ಲಿ ಶುರುವಾಗಿ, ಖಂಡದ ಕಡೆ ಓರೆಯಾಗಿ ಇಳಿಯುತ್ತಾ ಸುಮಾರು 700 ಕಿಲೋಮೀಟರಿನವರೆಗೆ ಹೋಗುತ್ತವೆ. ಪ್ಲೇಟು 100 ಕಿಲೋಮೀಟರಿಗೇ ಕರಗಿಹೋಗಿದ್ದರೆ ಉಳಿದ 600 ಕಿಲೋಮೀಟರಿನಲ್ಲಿ ನಡುಗುತ್ತಿರುವುದು ಯಾರು?

ಸರಿ, ನೀರು.

ಸಮುದ್ರದ ತಳ ಅಂದರೆ ಆರೇಳು ಕಿಲೋಮೀಟರ್ ದಪ್ಪದ ಬಸಾಲ್ಟ್ ಜಾತಿಯ, ಅಂದರೆ ಲಾವಾ ಆರಿ ಆಗುವ ಕರಿಗಲ್ಲಿನ ಜಾತಿಯ ಕಲ್ಲು, ಅದರ ಕೆಳಗೆ ಪೆರಿಡೊಟೈಟ್. ಹುಟ್ಟಿದಾಗಿನಿಂದ ಅದರ ಬಿರುಕುಗಳಲ್ಲಿ ಸಮುದ್ರದ ನೀರು ಸುತ್ತಾಡುತ್ತಾ ಇರುತ್ತದೆ. ಈ ನೀರು ಬರೀ ಬಿರುಕಿನಲ್ಲಿ ನಿಂತಿರುವುದಲ್ಲ, ಖನಿಜದೊಳಗೇ ಸೇರಿಕೊಳ್ಳುತ್ತದೆ, ಅದರ ಹರಳಿನ ಕಟ್ಟಡದ ಭಾಗ ಆಗಿಬಿಡುತ್ತದೆ. ಕ್ಲೋರೈಟ್, ಆಂಫಿಬೋಲ್, ಮೇಲಿನ ಕೆಸರಿನಲ್ಲಿ ಜೇಡಿ, ಎಲ್ಲದರಲ್ಲೂ ನೀರು. ಎಲ್ಲಕ್ಕಿಂತ ಜಾಸ್ತಿ ಹಿಡಿಯುವುದು ಸರ್ಪೆಂಟೈನ್. ಪೆರಿಡೊಟೈಟಿಗೆ ನೀರು ತಾಗಿ ಆಗುವ ಹಸಿರು, ಸ್ವಲ್ಪ ಜಾರುಜಾರು ಅನ್ನಿಸುವ ಖನಿಜ. ನಮ್ಮ ಕಡಪ ಜಿಲ್ಲೆಯ ಪುಲಿವೆಂದುಲದ ಕಡೆ ತೆಗೆಯುತ್ತಿದ್ದ ಬಿಳಿ ಕಲ್ನಾರು ಇದೇ ಕುಟುಂಬದ್ದು, ಆದರೆ ಅದು ಹುಟ್ಟಿದ ಕಥೆ ಬೇರೆ. ಸರ್ಪೆಂಟೈನಿನ ತೂಕದಲ್ಲಿ ಸುಮಾರು 13 ಶೇಕಡ ನೀರು. ಒಂದು ಘನ ಮೀಟರ್ ಕಲ್ಲಿನಲ್ಲಿ 300 ಲೀಟರಿಗೂ ಜಾಸ್ತಿ! ಮುಟ್ಟಿ ನೋಡಿದರೆ ಒಣ ಕಲ್ಲು, ಒಂದು ಹನಿ ಜಿನುಗುವುದಿಲ್ಲ. ಕಂದಕದ ಹತ್ತಿರ ಪ್ಲೇಟು ಬಾಗುವಾಗ ಮೇಲ್ಭಾಗ ಒಡೆದು ಹೊಸ ಬಿರುಕು ಬೀಳುತ್ತವೆ, ಅಲ್ಲಿಂದ ಇನ್ನಷ್ಟು ನೀರು ಇಳಿಯುತ್ತದೆ. ಇಷ್ಟನ್ನೂ ಹೊತ್ತುಕೊಂಡು ಪ್ಲೇಟು ಕೆಳಗೆ ಹೊರಡುತ್ತದೆ.

ಇಳಿಯುತ್ತಾ ಹೋದಂತೆ ಒತ್ತಡ ಏರುತ್ತದೆ, ಮೇಲ್ಮೈ ನಿಧಾನಕ್ಕೆ ಬಿಸಿಯಾಗುತ್ತದೆ. ನೀರಿರುವ ಖನಿಜಗಳು ಒಂದೊಂದಾಗಿ ತಮ್ಮ ತಾಳಿಕೆಯ ಮಿತಿ ಮುಟ್ಟಿ ಒಡೆಯುತ್ತವೆ. ಕೆಸರಿನ ನೀರು ಮೊದಲೇ, ಹೆಚ್ಚು ಆಳ ಹೋಗುವ ಮುಂಚೆಯೇ ಹಿಂಡಿ ಹೋಗುತ್ತದೆ. ಆಮೇಲೆ ಕ್ಲೋರೈಟ್, ಆಂಫಿಬೋಲ್. ಸರ್ಪೆಂಟೈನ್ 600-700 ಡಿಗ್ರಿವರೆಗೆ ತಡೆಯುತ್ತದೆ. ಬಿಟ್ಟ ನೀರು ಹಗುರ, ಅದಕ್ಕೆ ಹೋಗಲು ಇರುವ ದಾರಿ ಒಂದೇ, ಮೇಲಕ್ಕೆ. ಮೇಲೆ ಏನಿದೆ? ಮುಳುಗುವ ಪ್ಲೇಟಿಗೂ ಮೇಲಿನ ಪ್ಲೇಟಿಗೂ ನಡುವೆ ಬೆಣೆಯಂತಿರುವ ಜಾಗದಲ್ಲಿ ಬಿಸಿ ಮ್ಯಾಂಟಲ್. ಮೊದಲೇ ಹೇಳಿದೆನಲ್ಲ, ಕರಗಲು ನೆಪ ಕಾಯುತ್ತಿರುವ ಕಲ್ಲು.

ನೀರು ಸೇರಿದರೆ ಕಲ್ಲು ಬೇಗ ಕರಗುತ್ತದೆ ಅಂದರೆ ಹುಡುಗರಿಗೆ ನಂಬಿಕೆ ಬರುವುದಿಲ್ಲ. ನೀರು ಅಂದರೆ ಬೆಂಕಿ ಆರಿಸುವುದು ಅಲ್ವಾ, ಅದು ಹೇಗೆ ಕರಗಿಸುತ್ತದೆ? ಟಿವಿ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುವ ತಂತಿ ನೋಡಿರುತ್ತೀರಿ. ಹಳೆಯ ಬೆಸುಗೆ ತಂತಿ ಅಂದರೆ ಸೀಸ ಮತ್ತು ತವರ. ಸೀಸ ಒಂದೇ ಇದ್ದರೆ 327 ಡಿಗ್ರಿಗೆ ಕರಗುತ್ತದೆ, ತವರ ಒಂದೇ ಇದ್ದರೆ 232ಕ್ಕೆ. ಎರಡನ್ನೂ ಸರಿಯಾದ ಅಳತೆಯಲ್ಲಿ ಬೆರೆಸಿದರೆ 183ಕ್ಕೇ ಕರಗಿ ಹರಿಯುತ್ತದೆ, ಎರಡರಲ್ಲಿ ಯಾವುದಕ್ಕಿಂತಲೂ ಕಡಿಮೆ. ಬೆರಕೆ ಸೇರಿದಾಗ ಕರಗುವ ಮಟ್ಟ ಇಳಿಯುತ್ತದೆ, ಬಿಸಿ ಹೆಚ್ಚಿಸಬೇಕಾಗಿಲ್ಲ. ಕಲ್ಲಿನಲ್ಲಿ ನೀರು ಇದೇ ಕೆಲಸ ಮಾಡುತ್ತದೆ. ಕಲ್ಲನ್ನು ಹಿಡಿದಿಟ್ಟಿರುವುದು ಸಿಲಿಕಾನ್ ಮತ್ತು ಆಕ್ಸಿಜನ್ ಸರಪಳಿಗಳು, ನೀರು ಆ ಕೊಂಡಿಗಳನ್ನು ಕತ್ತರಿಸುತ್ತದೆ. ಮ್ಯಾಂಟಲಿನ ಕಲ್ಲಿಗೆ 100 ಕಿಲೋಮೀಟರ್ ಆಳದಲ್ಲಿ 1500 ಡಿಗ್ರಿ ಬೇಕಿತ್ತು, ಬೇಕಾದಷ್ಟು ನೀರು ಸಿಕ್ಕರೆ 1000 ಡಿಗ್ರಿ ಸುತ್ತಮುತ್ತಲೇ ಕರಗಲು ಶುರುವಾಗುತ್ತದೆ. ಅಲ್ಲಿನ ಬಿಸಿ 1300. ಇನ್ನೇನು ಬೇಕು?

ನಮ್ಮ ಆದವಾನಿ ಗುಡ್ಡದ ಗ್ರಾನೈಟಿಗೂ ಇದೇ ನಿಯಮ. ಒಣ ಗ್ರಾನೈಟ್ ಕರಗಲು 1000 ಡಿಗ್ರಿ ಸಮೀಪ ಬೇಕು. ಆಳದಲ್ಲಿ, ಒತ್ತಡದಲ್ಲಿ, ನೀರಿನ ಜೊತೆ ಇಟ್ಟರೆ 650-700ಕ್ಕೇ ಕರಗುತ್ತದೆ. ಪ್ರಯೋಗಾಲಯದಲ್ಲಿ ಮಾಡಿ ನೋಡಿರುವ ಲೆಕ್ಕ ಇದು.

ಕಥೆಯ ಮುಖ್ಯ ಪಾತ್ರ ಮೇಲಿನ ಬಿಸಿ ಬೆಣೆಯದು ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಪುರಾವೆ ಪೆರು ದೇಶದ್ದು. ದಕ್ಷಿಣ ಅಮೆರಿಕದ ಪಶ್ಚಿಮ ಅಂಚಿನ ಉದ್ದಕ್ಕೂ ನಾಜ್ಕಾ ಪ್ಲೇಟು ಮುಳುಗುತ್ತಿದೆ. ಹಾಗಾದರೆ ಆಂಡೀಸ್ ಉದ್ದಕ್ಕೂ ಜ್ವಾಲಾಮುಖಿ ಇರಬೇಕಲ್ವಾ? ಇಲ್ಲ. ಪೆರುವಿನ ಮಧ್ಯ ಮತ್ತು ಉತ್ತರ ಭಾಗದಲ್ಲಿ ಉದ್ದಕ್ಕೆ ಖಾಲಿ, ಮಧ್ಯ ಚಿಲಿಯಲ್ಲಿ ಇನ್ನೊಂದು ಕಡೆ ಖಾಲಿ. ಪ್ಲೇಟು ಅಲ್ಲೂ ಮುಳುಗುತ್ತಿದೆ, ಭೂಕಂಪಗಳೂ ಆಗುತ್ತವೆ. ಆದರೆ ಆ ಎರಡು ಜಾಗಗಳಲ್ಲಿ ಅದು ಸುಮಾರು 100 ಕಿಲೋಮೀಟರ್ ಇಳಿದು, ಆಮೇಲೆ ಅಡ್ಡಕ್ಕೆ ಚಪ್ಪಟೆಯಾಗಿ ನೂರಾರು ಕಿಲೋಮೀಟರ್ ಹೋಗಿಬಿಡುತ್ತದೆ. ಅದಕ್ಕೂ ಮೇಲಿನ ಖಂಡಕ್ಕೂ ನಡುವೆ ಬಿಸಿ ಮ್ಯಾಂಟಲಿಗೆ ಜಾಗವೇ ಉಳಿದಿಲ್ಲ. ನೀರು ಬಂದರೂ ಕರಗಲು ಬಿಸಿ ಕಲ್ಲಿಲ್ಲ. ಜ್ವಾಲಾಮುಖಿ ಬಂದ್.

ಹಾಗಾದರೆ ಪ್ಲೇಟಿನದು ಏನೂ ಮೇಲೆ ಬರುವುದಿಲ್ಲವಾ, ಬರೀ ನೀರಾ? ಇಲ್ಲ, ನೀರಿನ ಜೊತೆ ಕರಗಿದ ಉಪ್ಪು, ಪೊಟ್ಯಾಸಿಯಂ, ಬೇರಿಯಂನಂಥವೂ ಬರುತ್ತವೆ, ಸಮುದ್ರದ ಕೆಸರೂ ಸ್ವಲ್ಪ ಕರಗಿ ಸೇರುತ್ತದೆ. ಇದನ್ನು ಹಿಡಿದ ರೀತಿ ಪತ್ತೇದಾರಿ ಕೆಲಸದ ಹಾಗಿದೆ. ಬೆರಿಲಿಯಂ-10 ಅಂತ ಒಂದು ವಿಕಿರಣಶೀಲ ಧಾತು ಇದೆ. ಬಾಹ್ಯಾಕಾಶದ ಕಿರಣಗಳು ನಮ್ಮ ಗಾಳಿಗೆ ಬಡಿದಾಗ ಹುಟ್ಟುತ್ತದೆ, ಮಳೆಯ ಜೊತೆ ಇಳಿದು ಸಮುದ್ರದ ಕೆಸರಿನಲ್ಲಿ ಕೂರುತ್ತದೆ. ಸುಮಾರು 14 ಲಕ್ಷ ವರ್ಷಕ್ಕೊಮ್ಮೆ ಅದು ಅರ್ಧಕ್ಕೆ ಇಳಿಯುತ್ತದೆ. ಅಂದರೆ ಭೂಮಿಯ ಆಳದಲ್ಲಿ ಹಳೆಯ ಬೆರಿಲಿಯಂ-10 ಉಳಿದಿರಲು ಸಾಧ್ಯವೇ ಇಲ್ಲ, ಎಂದೋ ತೀರಿಹೋಗಿರಬೇಕು. 1980ರ ದಶಕದಲ್ಲಿ ಮುಳುಗುವ ಪ್ಲೇಟಿನ ಮೇಲಿರುವ ಹಲವು ಜ್ವಾಲಾಮುಖಿಗಳ ತಾಜಾ ಲಾವಾದಲ್ಲಿ ಅದು ಸಿಕ್ಕಿತು. ಹವಾಯಿ ಥರದ ಜ್ವಾಲಾಮುಖಿಗಳಲ್ಲಿ, ಸಾಗರ ಮಧ್ಯದ ಬೆಟ್ಟಸಾಲುಗಳಲ್ಲಿ ಹಾಗೆ ಸಿಗುವುದಿಲ್ಲ. ಗಾಳಿಯಲ್ಲಿ ಹುಟ್ಟಿದ್ದು ಕೆಸರಾಗಿ ಕಂದಕದೊಳಗೆ ಹೋಗಿ, 100 ಕಿಲೋಮೀಟರ್ ಇಳಿದು, ಅದು ಸಾಯುವ ಮುಂಚೆಯೇ, ಅಂದರೆ ಕೆಲವು ದಶಲಕ್ಷ ವರ್ಷಗಳೊಳಗೆ, ಶಿಲಾಪಾಕದಲ್ಲಿ (ನೆಲದಡಿಯ ಕರಗಿದ ಕಲ್ಲಿನಲ್ಲಿ) ಸೇರಿ ಮತ್ತೆ ಮೇಲೆ ಬಂದಿದೆ. ಇಡೀ ಭೂವಿಜ್ಞಾನದಲ್ಲಿ ಇಷ್ಟು ಅಚ್ಚುಕಟ್ಟಾದ ಪುರಾವೆ ನಾನು ಕಂಡಿರುವುದು ಕಡಿಮೆ.

ಬೆಣೆಯಲ್ಲಿ ಕರಗಿದ್ದು ಮೊದಲಿಗೆ ಬಸಾಲ್ಟ್ ಜಾತಿಯ ಶಿಲಾಪಾಕ. ಕಲ್ಲು ಪೂರ್ತಿ ಕರಗುವುದಿಲ್ಲ, ನೂರಕ್ಕೆ ಹತ್ತಿಪ್ಪತ್ತು ಪಾಲು ಅಷ್ಟೇ. ಅದು ಮೇಲೇರಿ ಖಂಡದ ಚಿಪ್ಪಿನ ತಳದಲ್ಲಿ ತಡೆದು ನಿಲ್ಲುತ್ತದೆ. ಅಲ್ಲಿ ಸ್ವಲ್ಪ ಹರಳುಗಟ್ಟುತ್ತದೆ, ಸುತ್ತಲಿನ ಕಲ್ಲನ್ನು ಕರಗಿಸಿ ತನ್ನೊಳಗೆ ಸೇರಿಸಿಕೊಳ್ಳುತ್ತದೆ, ಸಿಲಿಕಾ ಹೆಚ್ಚಾಗುತ್ತಾ ಮಂದವಾಗುತ್ತದೆ. ಮಂದ ಆದಷ್ಟೂ ಅನಿಲ ಹೊರಗೆ ಹೋಗಲು ಕಷ್ಟ. ನೀರು ಇಲ್ಲಿ ಎರಡನೇ ಸಲ ತನ್ನ ಆಟ ತೋರಿಸುತ್ತದೆ. ಸಾಗರ ಮಧ್ಯದ ಶಿಲಾಪಾಕದಲ್ಲಿ ನೀರು ಅರ್ಧ ಶೇಕಡಕ್ಕಿಂತ ಕಡಿಮೆ. ಮುಳುಗುವ ಪ್ಲೇಟಿನ ಮೇಲಿನ ಶಿಲಾಪಾಕದಲ್ಲಿ 2ರಿಂದ 6 ಶೇಕಡ. ಆಳದಲ್ಲಿ ಒತ್ತಡ ಇರುವವರೆಗೆ ಅದು ಕರಗಿಕೊಂಡೇ ಇರುತ್ತದೆ. ನೆಲದ ಹತ್ತಿರ ಬಂದು ಒತ್ತಡ ಇಳಿದ ಕೂಡಲೇ ಹಬೆಯಾಗಿ ಬೇರೆಯಾಗುತ್ತದೆ, ಜಾಗ ನೂರಾರು ಪಟ್ಟು ಬೇಕಾಗುತ್ತದೆ, ಮಂದ ಶಿಲಾಪಾಕ ಬಿಡುವುದಿಲ್ಲ, ಕೊನೆಗೆ ಇಡೀದು ಚೂರುಚೂರಾಗಿ ಬೂದಿಯಾಗಿ ಸಿಡಿಯುತ್ತದೆ. ಹವಾಯಿಯ ಕಿಲೌಯೆಯಾದಲ್ಲಿ ಲಾವಾ ಹರಿಯುವುದನ್ನು ಜನ ದೂರ ನಿಂತು ನೋಡುತ್ತಾರೆ. 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಸಿಡಿದಾಗ ಇಡೀ ಭೂಮಿಯ ಸರಾಸರಿ ಉಷ್ಣತೆಯೇ ಸುಮಾರು ಅರ್ಧ ಡಿಗ್ರಿ ಇಳಿಯಿತು. ವ್ಯತ್ಯಾಸದ ಮೂಲ ಹುಡುಕುತ್ತಾ ಹೋದರೆ ಬಹುಪಾಲು ಸಿಗುವುದು ಆ ಸಮುದ್ರದ ನೀರೇ.

ಈಗ ನಮ್ಮ ಜಿಲ್ಲೆಯ ಮಾತು. ಸುಮಾರು 74,000 ವರ್ಷದ ಹಿಂದೆ ಸುಮಾತ್ರಾದ ಟೋಬಾ ಸಿಡಿಯಿತು. ಆ ಜ್ವಾಲಾಮುಖಿಯ ಅಡಿಯಲ್ಲಿ ಮುಳುಗುತ್ತಿರುವುದು ನಮ್ಮ ಹಿಂದೂ ಮಹಾಸಾಗರದ ತಳವೇ. ಈಗ ಅಲ್ಲಿ ಉಳಿದಿರುವ ಗುಂಡಿ ಸುಮಾರು 100 ಕಿಲೋಮೀಟರ್ ಉದ್ದದ ಸರೋವರ. ಅಲ್ಲಿಂದ ಎರಡೂವರೆ ಸಾವಿರ ಕಿಲೋಮೀಟರಿಗೂ ದೂರ ಹಾರಿದ ಬೂದಿ ಹಳೆಯ ಕರ್ನೂಲು ಜಿಲ್ಲೆಯ ಜ್ವಾಲಾಪುರಂನಲ್ಲಿ, ಜುರ್ರೇರು ಹೊಳೆಯ ಕಣಿವೆಯಲ್ಲಿ ಈಗಲೂ ಇದೆ. ಕೆಲವು ಕಡೆ ಎರಡು ಮೀಟರಿಗಿಂತ ದಪ್ಪ, ಸುತ್ತಲಿಂದ ಮಳೆನೀರು ಕೊಚ್ಚಿ ತಂದು ಒಟ್ಟಿದ್ದರಿಂದ ಅಷ್ಟು. ಬಿಳಿ, ನುಣ್ಣನೆ ಪುಡಿ. ಆ ಬೂದಿಯ ಕೆಳಗೂ ಮೇಲೂ ಆದಿಮಾನವರ ಕಲ್ಲಿನ ಹತಾರಗಳು ಸಿಕ್ಕಿವೆ, 2007ರಲ್ಲಿ ಆ ಸಂಶೋಧನೆ ಪ್ರಕಟವಾದಾಗ ಜಗತ್ತಿನಾದ್ಯಂತ ಚರ್ಚೆಯಾಯಿತು. ಅಷ್ಟು ದೊಡ್ಡ ಸ್ಫೋಟ ಆದ ಮೇಲೂ ಇಲ್ಲಿ ಜನ ಬದುಕಿದ್ದರು ಅಂತ ಆ ತಂಡದ ವಾದ. ನಮ್ಮ ಕಡೆಯ ಎಷ್ಟು ಜನರಿಗೆ ಇದು ಗೊತ್ತು? ಬನಗಾನಪಲ್ಲಿಯ ಮಾವಿನಹಣ್ಣು ಎಲ್ಲರಿಗೂ ಗೊತ್ತು, ಅದೇ ಸೀಮೆಯ ಈ ಬೂದಿ ಯಾರಿಗೂ ಗೊತ್ತಿಲ್ಲ.

ನಮ್ಮ ದೇಶದಲ್ಲಿ ಈ ಕೆಲಸ ಕಣ್ಣಿಗೆ ಕಾಣುವ ಹಾಗೆ ಈಗಲೂ ನಡೆಯುತ್ತಿರುವುದು ಒಂದೇ ಕಡೆ, ಅಂಡಮಾನಿನ ಬ್ಯಾರನ್ ದ್ವೀಪ. ಪೋರ್ಟ್ ಬ್ಲೇರಿನಿಂದ ಈಶಾನ್ಯಕ್ಕೆ ಸುಮಾರು 135 ಕಿಲೋಮೀಟರ್. 1787ರಲ್ಲಿ ಅದು ಹೊಗೆಯಾಡಿದ್ದು ದಾಖಲಾಗಿದೆ, ಆಮೇಲೂ ಕೆಲವು ಸಲ ಸಿಡಿದು, ನಂತರ ಒಂದೂವರೆ ಶತಮಾನದಷ್ಟು ಕಾಲ ಸುಮ್ಮನಿದ್ದು 1991ರಲ್ಲಿ ಮತ್ತೆ ಎದ್ದಿತು. 2004ರ ಡಿಸೆಂಬರ್ 26ರ ಸುನಾಮಿ ತಂದ ಭೂಕಂಪ ಮತ್ತು ಈ ದ್ವೀಪದ ಹೊಗೆ, ಎರಡಕ್ಕೂ ಕಾರಣ ಅದೇ ಮುಳುಗುತ್ತಿರುವ ಪ್ಲೇಟು. ಹಿಮಾಲಯದಲ್ಲಿ ಯಾಕೆ ಇಂಥವು ಇಲ್ಲ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ: ಅಲ್ಲಿ ಈಗ ಒಳಗೆ ಹೋಗಲು ಸಾಗರದ ತಳ ಉಳಿದಿಲ್ಲ, ಖಂಡಕ್ಕೆ ಖಂಡ ಗುದ್ದುತ್ತಿದೆ. ಸಾಗರ ಇದ್ದ ಕಾಲದಲ್ಲಿ ಅಲ್ಲೂ ಶಿಲಾಪಾಕ ಇತ್ತು, ಲಡಾಖಿನ ಗ್ರಾನೈಟ್ ಬೆಟ್ಟಗಳು ಅದರದ್ದೇ.

ಇನ್ನು ಪ್ಲೇಟು ನಿಜವಾಗಿ ಕರಗುವ ಜಾಗಗಳು. ಇವೆ, ಆದರೆ ಅಪರೂಪ. ಪ್ಲೇಟು ತೀರಾ ಎಳೆಯದಾಗಿದ್ದರೆ, ಹುಟ್ಟಿದ ಬಿಸಿ ಇನ್ನೂ ಆರದೆ ಒಳಗೆ ಹೋದರೆ, ಅದರ ಬಸಾಲ್ಟ್ ಕರಗಬಹುದು. 1990ರಲ್ಲಿ ಮಾರ್ಕ್ ಡಿಫಂಟ್, ಮಾರ್ಕ್ ಡ್ರಮಂಡ್ ಅನ್ನುವ ಇಬ್ಬರು ಇಂಥ ಕಲ್ಲಿಗೆ ಅಡಾಕೈಟ್ ಅಂತ ಹೆಸರಿಟ್ಟರು, ಅಲಾಸ್ಕಾಕ್ಕೆ ಸೇರಿದ ಅಡಾಕ್ ದ್ವೀಪದ ನೆನಪಿಗೆ. 2.5 ಕೋಟಿ ವರ್ಷಕ್ಕಿಂತ ಕಿರಿಯ ಪ್ಲೇಟುಗಳಲ್ಲಿ ಇದು ಆಗುತ್ತದೆ ಅಂದರು. ಗುರುತು ಏನೆಂದರೆ ಸ್ಟ್ರಾನ್ಷಿಯಂ ಜಾಸ್ತಿ, ಯಿಟ್ರಿಯಂ ಕಡಿಮೆ. ಆಳದಲ್ಲಿ ಬಸಾಲ್ಟ್ ಕರಗುವಾಗ ಉಳಿಯುವ ಗಾರ್ನೆಟ್ ಹರಳು ಯಿಟ್ರಿಯಂ ಅನ್ನು ಬಿಟ್ಟುಕೊಡುವುದಿಲ್ಲ, ಅದಕ್ಕೆ. ಆದರೆ ದಪ್ಪ ಖಂಡದ ತಳ ಕರಗಿದರೂ ಇದೇ ಗುರುತು ಬರುತ್ತದೆ ಅಂತ ಆಮೇಲೆ ಗೊತ್ತಾಯಿತು, ಹಾಗಾಗಿ ಅಡಾಕೈಟ್ ಕಂಡಲ್ಲೆಲ್ಲಾ ಪ್ಲೇಟು ಕರಗಿದೆ ಅಂತ ಬರೆಯುವ ಚಾಳಿ ನನಗೆ ಅಷ್ಟು ಸರಿಕಾಣುವುದಿಲ್ಲ.

ಹಳೆಯ ಕಾಲದ ಮಾತು ಬೇರೆ. 300 ಕೋಟಿ ವರ್ಷದ ಹಿಂದೆ ಮ್ಯಾಂಟಲ್ ಈಗಿನದಕ್ಕಿಂತ ನೂರಾರು ಡಿಗ್ರಿ ಬಿಸಿ ಇತ್ತು. ಆಗ ನೀರು ಕುಡಿದ ಬಸಾಲ್ಟ್ ಕರಗುವುದು ಅಪರೂಪ ಆಗಿರಲಿಲ್ಲ, ಅದೇ ರೂಢಿ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಜನ ಹತ್ತಿ ಫೋಟೋ ತೆಗೆಸಿಕೊಳ್ಳುವ ಆ ಬಂಡೆ ಇದೆಯಲ್ಲ, ಅದೂ, ದಕ್ಷಿಣ ಭಾರತದ ದೊಡ್ಡ ಭಾಗದ ತಳಪಾಯವಾಗಿರುವ ಅಂಥದೇ ಪಟ್ಟೆಪಟ್ಟೆ ಕಲ್ಲೂ ಹಾಗೆ ಬಸಾಲ್ಟ್ ಕರಗಿ ಹುಟ್ಟಿದ ಶಿಲಾಪಾಕದ ವಂಶ. ಆ ಬಸಾಲ್ಟ್ ಮುಳುಗುವ ಪ್ಲೇಟಿನದಾ, ಅಥವಾ ಒಂದರ ಮೇಲೊಂದು ಪೇರಿಸಿದ ದಪ್ಪ ಲಾವಾದ ತಳದ್ದಾ ಅಂತ ಭೂವಿಜ್ಞಾನಿಗಳು ಇವತ್ತಿಗೂ ಕಿತ್ತಾಡುತ್ತಾರೆ. ಆದವಾನಿಯ ಗ್ರಾನೈಟ್ ಇದಕ್ಕಿಂತ ಕಿರಿಯದು, 250 ಕೋಟಿ ವರ್ಷದ ಆಸುಪಾಸು. ಒಟ್ಟಿನಲ್ಲಿ ಗೈಡಿನ ಎರಡನೇ ಸಾಲು ಈಗಿನ ಜಪಾನಿಗೆ ತಪ್ಪು, ಲಾಲ್‌ಬಾಗಿಗೆ ಹೆಚ್ಚುಕಡಿಮೆ ಸರಿ ಇರಬಹುದು!

"ಮತ್ತೆ ಎಕ್ಸಾಮಲ್ಲಿ ಏನ್ ಬರೀಲಿ ಮಾವಾ?" ಅಂತ ಅಕ್ಕನ ಮಗ ಕೇಳಿದ. ಪುಸ್ತಕದಲ್ಲಿರುವುದನ್ನು ಬರೆದು ಮಾರ್ಕ್ಸ್ ತಗೋ, ಜೊತೆಗೆ ಒಂದು ಸಾಲು ಸೇರಿಸು, "ಪ್ಲೇಟು ಬಿಟ್ಟ ನೀರಿನಿಂದ ಮೇಲಿನ ಮ್ಯಾಂಟಲ್ ಕರಗುತ್ತದೆ" ಅಂತ, ಅಂದೆ. ಪೇಪರ್ ತಿದ್ದುವವರು ಭೂಗೋಳ ಓದಿದವರಾದರೆ ಖುಷಿಪಡುತ್ತಾರೆ, ಇಲ್ಲದಿದ್ದರೆ ಅಡ್ಡಗೆರೆ ಎಳೆಯುತ್ತಾರೆ, ಏನು ಮಾಡುವುದು.

ನೀರು ಬಿಟ್ಟ ಮೇಲೆ ಪ್ಲೇಟು ಏನಾಗುತ್ತದೆ ಅನ್ನುವುದು ಉಳಿಯಿತು. ಅದರ ಬಸಾಲ್ಟ್ ಒಣಗಿ, ಒತ್ತಡಕ್ಕೆ ಸಿಕ್ಕಿ ಎಕ್ಲೊಜೈಟ್ ಅನ್ನುವ ಬೇರೆ ಕಲ್ಲಾಗುತ್ತದೆ. ಕೆಂಪು ಗಾರ್ನೆಟ್, ಹಸಿರು ಪೈರಾಕ್ಸೀನ್, ಎರಡೇ ಮುಖ್ಯ ಖನಿಜ. ನೋಡಲು ತುಂಬಾ ಚೆಂದ. ಸುತ್ತಲಿನ ಮ್ಯಾಂಟಲಿಗಿಂತ ಭಾರ, ಹಾಗಾಗಿ ಇನ್ನಷ್ಟು ಮುಳುಗುತ್ತದೆ, ಹಿಂದಿನ ಪ್ಲೇಟನ್ನೂ ಎಳೆದುಕೊಳ್ಳುತ್ತದೆ. ಪ್ಲೇಟುಗಳು ಚಲಿಸುವುದಕ್ಕೆ ಮುಖ್ಯ ಬಲ ಈ ಎಳೆತವೇ ಅಂತ ಈಗ ಹೆಚ್ಚಿನವರ ಅಭಿಪ್ರಾಯ.

ಇದೂ ನಮ್ಮ ಪಕ್ಕದಲ್ಲೇ ಸಿಕ್ಕಿದೆ. ಗುಂತಕಲ್ಲಿನ ಹತ್ತಿರದ ವಜ್ರಕರೂರಿನಲ್ಲಿ ಕಿಂಬರ್ಲೈಟ್ ಕೊಳವೆಗಳಿವೆ, ಸುಮಾರು 110 ಕೋಟಿ ವರ್ಷದ ಹಿಂದೆ 150 ಕಿಲೋಮೀಟರಿಗೂ ಹೆಚ್ಚಿನ ಆಳದಿಂದ ನುಗ್ಗಿ ಬಂದ ಶಿಲಾಪಾಕ ಅಲ್ಲಿ ಹೆಪ್ಪುಗಟ್ಟಿದೆ. ಬರುವಾಗ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲಾ ಕಿತ್ತು ತಂದಿದೆ. ಅದರಲ್ಲಿ ಎಕ್ಲೊಜೈಟ್ ತುಂಡುಗಳೂ ಇವೆ, ಅವು ಎಂದೋ ಮುಳುಗಿದ ಸಾಗರದ ತಳದ ಚೂರುಗಳು ಅಂತ ಅಧ್ಯಯನ ಮಾಡಿದವರು ಹೇಳುತ್ತಾರೆ. ಜನಕ್ಕೆ ಮಾತ್ರ ವಜ್ರದ್ದೇ ಚಿಂತೆ. ಮುಂಗಾರಿನ ಮೊದಲ ಮಳೆ ಬಿದ್ದರೆ ಸಾಕು, ಜೊನ್ನಗಿರಿ, ತುಗ್ಗಲಿ, ಮದ್ದಿಕೆರೆ ಕಡೆಯ ಹೊಲಗಳಲ್ಲಿ ಜಾತ್ರೆ. ಬಳ್ಳಾರಿಯಿಂದಲೂ ಬರುತ್ತಾರೆ, ಟೆಂಟ್ ಹಾಕಿ ಬಗ್ಗಿ ನೆಲ ನೋಡುತ್ತಾ ನಡೆಯುತ್ತಾರೆ, ಹೊಲದ ಯಜಮಾನ ಬೈದರೂ ಬಿಡುವುದಿಲ್ಲ. ಈ ಮುಂಗಾರಿಗೆ ವಜ್ರಕರೂರಿನ ಕಡೆ ಹೋಗುವವರಿದ್ದರೆ ಕೆಂಪು ಹಸಿರು ಎರಡೂ ಒಟ್ಟಿಗೆ ಇರುವ ಭಾರದ ಕಲ್ಲು ಸಿಗುತ್ತದಾ ಅಂತ ಒಮ್ಮೆ ನೋಡಿ. ವಜ್ರ ಸಿಕ್ಕವರು ಊರಲ್ಲಿ ಯಾರಿಗೂ ಹೇಳುವುದಿಲ್ಲ, ಅದು ಅವರಿಷ್ಟ. ಎಕ್ಲೊಜೈಟ್ ಸಿಕ್ಕರೆ ದಯವಿಟ್ಟು ನನಗೊಂದು ಫೋಟೋ ಕಳಿಸಿ.